ಪೈಪಿಗೆ ಎಣ್ಣೆ

ನಮ್ಮ ಮನೆಯಲ್ಲಿ ಸ್ವಿಚ್ಚು ಒತ್ತಬೇಕಾದರೆ ಕಾಲಿಗೆ ಚಪ್ಪಲಿ ಇರಲೇಬೇಕು. ಇಂಡಿ ಊರಿನ ಈ ಮನೆಯನ್ನು ಕಟ್ಟಿಸಿದವರು ನಮ್ಮಜ್ಜ, ವೈರಿಂಗು ಮಾಡಿಸಿದವರು ಅಪ್ಪ. ಶಾಕು ಹೊಡೆಸಿಕೊಳ್ಳುವ ಪಾಳಿ ಮಾತ್ರ ನನ್ನದು.

ಮಗಳು ಫಿರದೋಸಳನ್ನು ಸೊಸೆಯಾಗಿ ಒಪ್ಪಿದ್ದ ಮಸೂತಿ ಊರಿನ ಮಹಮ್ಮದಹನೀಫರು ಮದುವೆಯ ದಿನ ಗೊತ್ತುಮಾಡಲು ರವಿವಾರ ಬರುವವರಿದ್ದರು. ಬೀಗರಿಗೆ ಶಾಕು ಹೊಡೆದರೆ ಸಂಬಂಧ ಉಳಿದೀತೇ? ಹೊಸ ವೈರಿಂಗು ಮಾಡಿಸಲು ಹೊರಟೆ. ಆದರೆ ನನ್ನಾಕೆ ಮುಮ್ತಾಜ ಪಡಸಾಲೆಗೆ ಆಗಷ್ಟೇ ಪಿಸ್ತಾ ಬಣ್ಣ ಬಳಿಸಿದ್ದಳು.

“ಗೋಡಿದು ಒಂದ ಚೂರು ಗಿಲಾವ್ ಉದುರಿದ್ರ ನೋಡ್ರಿ, ನಿಮ್ಮ ಹಾಸಿಗಿ ಅಂಗಳದಾಗ!”

ಎಲೆಕ್ಟ್ರಿಶಿಯನ್ ಗುಡುಸಾಬ ಅಭಯವಿತ್ತ. “ಗೋಡಿ ಯಾಕ ಒಡೀಬೇಕ್ರಿ ಭಾಭಿ? ಒಳಗ ಪೈಪ್ ಐತಿ. ಹಳೇ ವೈರಿನ ತುದಿಗೆ ಹೊಸಾದು ಕಟ್ಟಿ, ಆ ಕಡಿಂದ ಸಾವಕಾಶ ಜಗ್ಗೂದು. ಹಳೇದು ಹೊರಗ, ಹೊಸಾದು ಒಳಗ!”

ರವಿವಾರದ ಹೊತ್ತಿಗೆ ಪಡಸಾಲೆಯ ಒಂದೇ ಒಂದು ಪೈಪು ಉಳಿದಿತ್ತು. “ಮೇನ್ ಆಫ್ ಮಾಡೇನಿ. ಸ್ವಿಚ್ ತರ್ತೇನಿ. ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ,” ಎಂದು ಗುಡುಸಾಬ ಬಜಾರಕ್ಕೆ ಹೋದ.

ಮುಟ್ಟಬೇಡ ಅಂದರೆ ನನ್ನ ಕೈ ಕಡಿಯಲು ಶುರುವಾಗುತ್ತದೆ. ಹೊಸ ವೈರು ಕಟ್ಟಿ ಹಳೆಯದನ್ನು ಜಗ್ಗಿದೆ. ಅರ್ಧಕ್ಕೆ ಬಂದ ವೈರು ಸಿಕ್ಕಿಕೊಂಡಿತು. ಆಗ ಹೊಳೆಯಿತು ಮಹಾ ಉಪಾಯ: ಎಣ್ಣೆ! ಎಣ್ಣೆಗೆ ಜಾರದ ವಸ್ತು ಈ ಭೂಮಂಡಲದಲ್ಲಿಲ್ಲ (ನನ್ನ ಮದುವೆಯ ಉಂಗುರವೊಂದನ್ನು ಬಿಟ್ಟು). ಬೀಗರಿಗೆ ಸಮೋಸಾ ಕರಿಯಲೆಂದು ತಂದಿದ್ದ ಶೇಂಗಾ ಎಣ್ಣೆಯಲ್ಲಿ ಅರ್ಧ ಲೀಟರು ಪೈಪಿನ ಮೇಲ್ತುದಿಗೆ ಸುರಿದೆ. ವೈರು ಸರ್ರನೆ ಜಾರಿ ಬಂತು. ನನಗೆ ನಾನೇ ಶಹಭಾಸ್ ಅಂದುಕೊಂಡೆ.

ಅಷ್ಟರಲ್ಲಿ ಗೋಡೆ ಬೆವರತೊಡಗಿತು. ಹಳೆಯ ಪೈಪಿನ ಜೋಡುಗಳು ಬಾಯಿಬಿಟ್ಟಿದ್ದವು. ಮೊದಲು ನಾಣ್ಯದಷ್ಟು ಕಲೆ, ಆಮೇಲೆ ರೊಟ್ಟಿಯಷ್ಟು, ಕೊನೆಗೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲವೂ ಅಂಕುಡೊಂಕಾಗಿ ಮೂಡಿದ ನಮ್ಮ ಜಿಲ್ಲೆಯ ನಕಾಶೆ!

“ಏನ್ರೀ ಇದು?” ಮುಮ್ತಾಜ ಬಂದು ನಿಂತಿದ್ದಳು.

“ಗಿಲಾವ್ ಉದುರಿಲ್ಲ, ನೋಡು,” ಎಂದೆ.

“ಬೀಗರು ಓಣಿಗೆ ಬಂದ್ರು! ಆ ಎಣ್ಣಿ ಕಲಿಗೆ ಬೆನ್ನು ಹಚ್ಚಿ ಕುಂಡ್ರರಿ. ಅಲ್ಲಾಡಿದ್ರ ನನ್ನಾಣಿ!”

ಕೂತೆ. ಮಹಮ್ಮದಹನೀಫರು ಒಳಬಂದಾಗ ಕೂತಲ್ಲಿಂದಲೇ ಸಲಾಮು ಮಾಡಿದೆ. ಅವರ ಮುಖ ಬಿಗಿಯಿತು.

“ಬೀಗರು ಬಂದ್ರ ಎದ್ದು ನಿಲ್ಲೂ ಪದ್ಧತಿ ನಿಮ್ಮಲ್ಲಿಲ್ಲೇನ್ರಿ, ಶಮಶುದ್ದೀನ ಭಾಯಿ?”

ಫಿರದೋಸ ಅಡುಗೆಮನೆಯ ಬಾಗಿಲಲ್ಲಿ ಬಿಳಿಚಿಕೊಂಡಳು. ಮುಮ್ತಾಜ ಗಡಿಬಿಡಿಸಿ, “ಅವರಿಗೆ ನಡಾ ಹಿಡಿದೈತ್ರಿ, ಏಳಾಕ ಬರೂದಿಲ್ಲ,” ಎಂದುಬಿಟ್ಟಳು.

“ಮೊದಲ ಹೇಳಬಾರದೇನ್ರಿ! ನಡಾ ಬಿಡಸೂದು ನಮ್ಮ ಮನಿತನದ ವಿದ್ಯಾ!” ಬೀಗರು ಅಂಗಿಯ ತೋಳು ಮಡಚಿದರು. “ಬ್ಯಾಡ್ರಿ, ಕಮ್ಮಿ ಆಗೇತ್ರಿ,” ಎಂದು ಬೇಡಿಕೊಂಡರೂ ಬಿಡದೆ ನನ್ನನ್ನು ಎಳೆದು ಚಾಪೆಯ ಮೇಲೆ ಬೋರಲು ಕೆಡವಿದರು.

ಗೋಡೆಯ ಮೇಲೊಂದು ನಕಾಶೆ. ಅದರ ಪಕ್ಕಾ ನಕಲು ನನ್ನ ಬಿಳಿ ಜುಬ್ಬಾದ ಬೆನ್ನಿಗೆ. ಸರಿಯಾಗಿ ಆಗಲೇ ಗುಡುಸಾಬ ಬರಬೇಕೆ!

“ಅಯ್ಯಯ್ಯ! ಪೈಪಿಗೆ ಎಣ್ಣಿ ಯಾರ್ ಹಾಕಿದ್ರಿ? ವೈರೆಲ್ಲಾ ಹಾಳಾತು. ಇನ್ನ ಗೋಡಿ ಒಡೀದ ಬ್ಯಾರೆ ದಾರಿ ಇಲ್ರಿ!”

ಬೀಗರು ಗೋಡೆ ನೋಡಿದರು, ನನ್ನ ಬೆನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, “ದಿನಾ ಗೊತ್ತು ಮಾಡೂಣ್ರಿ. ನಮ್ಮದು ಒಂದ ಕರಾರು. ಶಮಶುದ್ದೀನ ಭಾಯಿ ನಮ್ಮ ಮನಿಗೆ ಬಂದಾಗ ಗೋಡಿ ಮುಟ್ಟಬಾರದು,” ಎಂದರು.

ಇದು ಮರ್ಯಾದೆಯ ಪ್ರಶ್ನೆ! ಚಾಪೆಯಿಂದ ತಲೆಯೆತ್ತಿ ಪ್ರತಿಭಟಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಮುಮ್ತಾಜಳ ದನಿ ಕೇಳಿಸಿತು:

“ಕಬೂಲ್ ರಿ, ಕಬೂಲ್, ಕಬೂಲ್!”

ನಮ್ಮ ನಿಕಾಹದಲ್ಲೂ ಅವಳು ಇಷ್ಟು ಬೇಗ ಹೇಳಿರಲಿಲ್ಲ.