ಸಿಲಿಂಡರ್ ನಂಬರ್

ಚಷ್ಮಾ ಅಂಗಡಿ ಇಟ್ಟವನು ನಗಲು ಬೇರೆಲ್ಲಿಗೂ ಹೋಗಬೇಕಿಲ್ಲ. ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು. ಶಹಾಬಾದದಲ್ಲಿ ನನ್ನ ಅಂಗಡಿ. ಹೋದ ವರ್ಷ ಅತ್ತೆ ಬಿದ್ದು ಕಾಲು ಮುರಿದುಕೊಂಡರು. ನೋಡಿಕೊಳ್ಳಲು ಹೆಂಡತಿ ಚಿಂಚೋಳಿ ಕಡೆಯ ಐನಾಪುರಕ್ಕೆ ಹೋದಳು. ಕಾಲು ಕೂಡಿತು. ಅತ್ತೆ ಮಾತ್ರ ತಮ್ಮ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ಇವಳೂ ಬರಲಿಲ್ಲ. ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ‘ಬಾ’ ಅನ್ನಬೇಕು. ಬಾಯಿಗೆ ಬರುತ್ತಿರಲಿಲ್ಲ. ಅಂಗಡಿಯ ಸುದ್ದಿ ಹೇಳಿ ಇಡುತ್ತಿದ್ದೆ. ಇವು ಆಗ ಹೇಳಿದವು.

೧. ಮೂರನೆಯ ಸಿಲಿಂಡರ್

ಚಿತ್ತಾಪುರದ ಕಿರಾಣಿ ವ್ಯಾಪಾರಿಯೊಬ್ಬರು ಡಾಕ್ಟರ ಚೀಟಿ ತಂದರು. ನೋಡಿ ಹೇಳಿದೆ, “ಸಾವ್ಕಾರ್ರ, ನಿಮಗ ಸಿಲಿಂಡರ್ ಬಂದದ.”

“ಮನ್ಯಾಗ ಎರಡು ಅದಾವ್ರಿ. ಇನ್ನೊಂದು ಎಲ್ಲಿ ಇಡ್ಲಿ?”

ತಿಳಿಸಿ ಹೇಳಿದೆ. ಕಣ್ಣಿನ ಮುಂಭಾಗ ಚೆಂಡಿನಂತೆ ಎಲ್ಲ ಕಡೆ ಸಮ ಗುಂಡಗಿರಬೇಕು. ಇವರದು ಚಮಚದ ಬೆನ್ನಿನಂತೆ ಒಂದು ಕಡೆ ಹೆಚ್ಚು ಬಾಗಿದೆ. ಅದಕ್ಕೇ ಅಕ್ಷರದ ಪಕ್ಕ ನೆರಳು ಕಾಣುತ್ತದೆ. ಅದನ್ನು ಸರಿ ಮಾಡುವ ಗಾಜಿಗೆ ಸಿಲಿಂಡರ್ ನಂಬರ್ ಅನ್ನುತ್ತಾರೆ.

ಎಲ್ಲ ಕೇಳಿ ತಲೆಯಾಡಿಸಿದರು. “ಅಂದ್ರ ಇದಕ್ಕ ಸಬ್ಸಿಡಿ ಬರಂಗಿಲ್ಲ.”

೨. ಮೂರರ ಗೆರೆ

ಗಡಿಯಾರದಂತೆ ಸುತ್ತ ಅಂಕಿ ಬರೆದು, ಒಂದೊಂದಕ್ಕೂ ಗೆರೆ ಎಳೆದ ಒಂದು ಹಲಗೆ ಅಂಗಡಿಯಲ್ಲಿದೆ. ಈ ದೋಷವಿದ್ದವರಿಗೆ ಒಂದು ಗೆರೆ ದಟ್ಟ, ಉಳಿದವು ಮಬ್ಬು. ಸೇಡಂನ ಮುದುಕಿಯೊಬ್ಬಳನ್ನು ಕೂಡಿಸಿ ಕೇಳಿದೆ, “ಯಾವ ಗೆರಿ ದಟ್ಟ ಅದಬೇ?”

“ಮೂರರದು.”

“ಖರೇನ? ಇನ್ನೊಮ್ಮೆ ನೋಡು.”

“ಎಷ್ಟ ಸಲ ನೋಡ್ಲೋ ಅಣ್ಣಾ? ನನ್ನ ಬಸ್ಸ ಮೂರಕ್ಕೇ ಅದ.”

ಫೋನಿನಲ್ಲಿ ಹೆಂಡತಿ ನಕ್ಕಳು. “ಅವ್ವಗ ಗುಳಿಗಿ ಕೊಡಬೇಕ್ರಿ, ಇಡ್ತೀನಿ,” ಅಂದಳು. ಇಟ್ಟಳು.

೩. ಸೊಟ್ಟ ಫರಸಿ

ವಾಡಿ ಹತ್ತಿರದ ರಾವೂರಿನ ಗೌಂಡಿ. ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವುದು ಅವನ ಕೆಲಸ. ಸಿಲಿಂಡರ್ ಚಷ್ಮಾ ಹಾಕಿದ ಮರುದಿನವೇ ಬಂದ. “ಕಾಕಾ, ನೆಲಾ ಎಲ್ಲಾ ಇಳಿಜಾರ ಕಾಣ್ಲಿಕತ್ತದ.”

“ಹೊಸಾ ನಂಬರ್. ಎಂಟ ದಿನಾ ತಗೀದಂಗ ಹಾಕ್ಕೋ. ಕಣ್ಣ ಕಲೀತಾವ.”

ಎಂಟು ದಿನಕ್ಕೆ ಮತ್ತೆ ಬಂದ. ಮುಖ ಸಣ್ಣದಾಗಿತ್ತು.

“ಈಗ ಸಪಾಟ ಕಾಣತದ. ಆದ್ರ ಹೋದ ವರ್ಷ ನಾ ಹಾಸಿದ್ದೆಲ್ಲಾ ಸೊಟ್ಟ ಅದ.” ಹತ್ತಿರ ಬಗ್ಗಿದ. “ಆ ಮನಿಯವರು ಬಂದ್ರ ಚಷ್ಮಾ ಕೊಡಬ್ಯಾಡ್ರಿ.”

ಅವತ್ತು ಅವಳು ಭಾಳ ಹೊತ್ತು ನಕ್ಕಳು. ಆಗಲೂ ‘ಬಾ’ ಅನ್ನಲಿಲ್ಲ ನಾನು. ಒಬ್ಬನೇ ಕುಳಿತು ಉಂಡೆ.

೪. ಒಬ್ಬ ಮುದುಕ

ಅವಳು ಹೋದ ಆರನೆಯ ತಿಂಗಳು ನನ್ನ ಸಿಲಿಂಡರ್ ಚಷ್ಮಾದ ಫ್ರೇಮು ಮುರಿಯಿತು. ಅದೇ ಗಾಜಿನ ಅಂಚು ಉಜ್ಜಿ ಒಂದು ದುಂಡು ಫ್ರೇಮಿಗೆ ಕೂಡಿಸಿಕೊಂಡೆ. ಅಂದಿನಿಂದ ಬಾಗಿಲ ಚೌಕಟ್ಟು ವಾಲಿ ಕಾಣತೊಡಗಿತು. ಸಂಜೆಗೆ ತಲೆನೋವು. ವಯಸ್ಸು ಅಂದುಕೊಂಡೆ. ಎರಡು ವಾರದ ಮೇಲೆ ಗಾಜನ್ನು ನಂಬರ್ ನೋಡುವ ಯಂತ್ರಕ್ಕೆ ಹಿಡಿದೆ. ಎಡಗಣ್ಣಿನದು ಬಲಕ್ಕಿತ್ತು, ಬಲಗಣ್ಣಿನದು ಎಡಕ್ಕೆ. ಸಿಲಿಂಡರ್ ಗಾಜಿಗೆ ಒಂದೊಂದು ಕಣ್ಣಿಗೂ ಅದರದೇ ಕೋನ ಇರುತ್ತದೆ, ತಿರುಗಿದರೆ ಕೆಟ್ಟಿತು. ಊರಿಗೆಲ್ಲ ಇದನ್ನು ಹೇಳುವವನು ನಾನೇ.

ಸರಿ ಮಾಡುವ ಮೊದಲೇ ಫೋನಿನ ಹೊತ್ತಾಯಿತು.

“ಇವತ್ತ ಒಬ್ಬ ಮುದುಕ ಬಂದಿದ್ದ,” ಅಂದೆ. “ಎಡಾ ಬಲಾ ಗಾಜು ಅದಲಿಬದಲಿ. ಎರಡ ವಾರ ಹಂಗೇ ತಿರಗ್ಯಾನ.”

“ಅಯ್ಯ, ಮನ್ಯಾಗ ಹೆಂಡ್ತಿ ಇಲ್ಲೇನ್ರಿ ಅವಗ?”

“ಅದಾಳ.”

“ಎಲ್ಲದಾಳ?”

“ಐನಾಪುರದಾಗ.”

ಆ ಕಡೆ ನಗು ಎದ್ದಿತು. ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು, “ಯಾಕ, ಏನಾಯ್ತ?”

“ನಿನ್ನ ಅಳಿಯಗ ಕಣ್ಣ ಕಾಣವಲ್ಲವಂತ.”

“ಹಂಗಾದ್ರ ನಡಿ, ಹೋಗೋಣು,” ಅಂದರು ಅತ್ತೆ.

“ಅವ್ವನ್ನ ಕರಕೊಂಡು ಐತವಾರ ಬರ್ತೀನಿ,” ಅಂದಳು ಇವಳು. “ನಾ ಬಂದ ಮ್ಯಾಲೂ ಗಾಜು ಹಂಗೇ ಇರ್ಲಿ ಅಂತ ಆ ಮುದುಕಗ ಹೇಳ್ರಿ. ಆರ ತಿಂಗಳದಾಗ ನಾ ಭಾಳ ಮುದುಕಿ ಆಗೀನಿ.”

ಫೋನಿಟ್ಟ ಕೂಡಲೇ ಗಾಜು ಸರಿ ಮಾಡಿಕೊಂಡೆ.