ಗುಳಿಗೆ ನುಂಗದ ದಿನ

ಎಲ್ಲಕ್ಕೂ ಮೂಲ, ಆಸ್ಪತ್ರೆಯ ನರ್ಸಮ್ಮ ಫೋನಿನಲ್ಲಿ ಹೇಳಿದ ಒಂದೇ ಒಂದು ಮಾತು: "ನಾಳೆ ರಕ್ತ ತೆಗೆಯೋವರೆಗೂ ಗುಳಿಗೆ ಮುಟ್ಟಬೇಡಿ."

ಮೂಲೆಯ ಕ್ಷೌರದಂಗಡಿಯವನಿಗೆ ಬೀದಿಯವರೆಲ್ಲ ಸೇರಿ ಇಟ್ಟಿದ್ದ ಹೆಸರು ಬೆಣ್ಣೆಕೈ. ಅವನ ಕತ್ತಿ ಕೆನ್ನೆಯ ಮೇಲೆ ಹಾದುಹೋದದ್ದೂ ತಿಳಿಯದೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ ಕಾಲ ಒಂದಿತ್ತು. ಆಮೇಲೆ ಆ ಕೈಗಳಿಗೆ ಸಂಧಿವಾತ ಬಂದು ವಕ್ಕರಿಸಿತು. ಬೆಳಗ್ಗೆ ಎದ್ದರೆ ಬೆರಳುಗಳು ಶುಂಠಿಯ ಗೆಣ್ಣುಗಳಂತೆ ಊದಿಕೊಂಡು, ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ನೋವಿನ ಗುಳಿಗೆ ಒಳಗೆ ಹೋದರೆ ಮಾತ್ರ ಕತ್ತರಿ ಬಾಯಿ ತೆರೆಯುತ್ತಿತ್ತು. ಆ ಗುಳಿಗೆಯೂ ಈಗ ಹೊಟ್ಟೆ ಸುಡತೊಡಗಿತ್ತು. "ಇದನ್ನೇ ನಂಬ್ಕೊಂಡ್ರೆ ಮೊದಲು ಕಿಡ್ನಿ ಹೋಗುತ್ತೆ, ಆಮೇಲೆ ನೀವು" ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಂಗಡಿಯ ಎರಡನೆಯ ಕುರ್ಚಿಯಲ್ಲಿ ಬಹಳ ದಿನಗಳಿಂದ ಟವೆಲುಗಳು ಮಾತ್ರ ಕೂರುತ್ತಿದ್ದವು.

ಹೀಗಿರುವಾಗ ದೊಡ್ಡಾಸ್ಪತ್ರೆಯಲ್ಲಿ ಹೊಸ ಇಂಜೆಕ್ಷನ್ನಿನ ಸಂಶೋಧನೆ ನಡೆಯುತ್ತಿರುವ ಸುದ್ದಿ ಬಂತು. ಇನ್ನೂ ಯಾವ ಅಂಗಡಿಗೂ ಬಾರದ ಔಷಧಿ. ಸಂಶೋಧನೆಗೆ ಸೇರಿದವರಿಗಷ್ಟೇ ಸಿಗುತ್ತದೆ. ಒಬ್ಬರಿಗೆ ಮಾತ್ರ ಜಾಗ ಉಳಿದಿದೆ. ಮೈಯೊಳಗಿನ ಊತವನ್ನು ಹೇಳಿಬಿಡುವ ಗುರುತೊಂದು ರಕ್ತದಲ್ಲಿ ಇರುತ್ತದಂತೆ, ಅದು ಹತ್ತರ ಗೆರೆ ದಾಟಿರಬೇಕು. ಗುಳಿಗೆ ನುಂಗಿದ್ದರೆ ಆ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಅಂದರೆ ಬೆಣ್ಣೆಕೈ ಒಂದು ದಿನ ಪ್ರಾಮಾಣಿಕವಾಗಿ ನರಳಿದರೆ ಸಾಕು. ಅದೇನು ಕಷ್ಟ ಅಂದುಕೊಂಡ ಪಾಪ.

ಮರುದಿನ ಬೆಳಗ್ಗೆ ಹೆಂಡತಿ ಚಹಾ ತಂದಿಟ್ಟಳು. ಅವನು ಎರಡೂ ಅಂಗೈಗಳ ನಡುವೆ ಲೋಟ ಹಿಡಿದು ಮೂಸಿ ನೋಡಿದ.

"ಇದಕ್ಕೆ ಏನು ಹಾಕಿದೀಯ?"

"ಸಕ್ಕರೆ."

"ಬರೀ ಸಕ್ಕರೇನಾ?"

"ಇಲ್ಲ, ನನ್ನ ಕರ್ಮಾನೂ ಒಂದು ಚಮಚ ಹಾಕಿದೀನಿ."

"ಹಾಗಾದ್ರೆ ಮೊದಲು ನೀನೊಂದು ಗುಟುಕು ಕುಡಿ ನೋಡೋಣ."

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. "ಬೆಳಗಿನ ಜಾವದಿಂದ ನಿಮ್ಮ ನರಳಾಟ ಕೇಳ್ತಿದೀನ್ರೀ. ಕಲ್ಲಲ್ಲ ನಾನು. ಒಂದೇ ಗುಳಿಗೆ, ಅದೂ ಪುಡಿ ಮಾಡಿ..."

ಬೆಣ್ಣೆಕೈ ಲೋಟ ಕೆಳಗಿಟ್ಟು, ಖಾಲಿ ಹೊಟ್ಟೆಯಲ್ಲಿ ಅಂಗಡಿಯ ದಾರಿ ಹಿಡಿದ. ಕಟ್ಟಿಕೊಂಡವಳೇ ಹೀಗಾದರೆ ಊರಿನವರನ್ನು ನಂಬುವುದು ಹೇಗೆ?

ಅಂಗಡಿಯ ಷಟರ್ ಬಾಗಿಲನ್ನು ಮೊಣಕೈಯಿಂದ ಎತ್ತುತ್ತಿದ್ದಾಗಲೇ ಪಕ್ಕದ ಔಷಧಿ ಅಂಗಡಿಯವನು ಹೊರಗೆ ಬಂದ. "ಏನಣ್ಣ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?"

ಬೆಣ್ಣೆಕೈ ವಿಷಯ ಹೇಳಿದ. ಔಷಧಿ ಅಂಗಡಿಯವನು ತನ್ನ ವ್ಯಾಪಾರಕ್ಕೇ ಯಾರೋ ಕಲ್ಲು ಹಾಕಿದಂತೆ ನೊಂದುಕೊಂಡ. "ಅರ್ಧ ತಗೊಳ್ಳಿ. ಅರ್ಧ ನುಂಗಿದ್ದು ರಕ್ತಕ್ಕೆ ಹೇಗೆ ಗೊತ್ತಾಗುತ್ತೆ? ನಾನಂತೂ ಯಾರಿಗೂ ಹೇಳಲ್ಲ."

"ರಕ್ತಾನೇ ಹೇಳಿಬಿಡುತ್ತಂತಪ್ಪ."

"ರಕ್ತಕ್ಕೆ ಬಾಯಿದ್ಯಾ?" ಎನ್ನುತ್ತ ಅವನು ಗುಳಿಗೆ ಹಿಡಿದು ಮುಂದೆ ಬಂದ. ಬೆಣ್ಣೆಕೈ ತುಟಿ ಬಿಗಿದುಕೊಂಡು ಒಳಗೆ ಓಡಿದ.

ಅಷ್ಟರಲ್ಲಿ ನಿವೃತ್ತ ಹೆಡ್‌ಮಾಸ್ತರರು ಗಡ್ಡ ಕೆರೆಯುತ್ತ ಬಂದು ಕುರ್ಚಿಯಲ್ಲಿ ಕೂತರು. ಆ ಬೀದಿಯಲ್ಲಿ ಅವರ ಮೀಸೆಗೆ ಅವರಿಗಿಂತ ಹೆಚ್ಚು ಮರ್ಯಾದೆಯಿತ್ತು. ಇವತ್ತು ಬೇಡ ಎನ್ನಲು ಬೆಣ್ಣೆಕೈಗೆ ಬಾಯಿ ಬರಲಿಲ್ಲ. ಬೇಡ ಎನ್ನಿಸಿಕೊಂಡ ಗಿರಾಕಿ ನಾಳೆ ಎದುರಿನ ಸಲೂನಿನಲ್ಲಿ ಕೂತಿರುತ್ತಾನೆ. ನೊರೆ ಹಚ್ಚಿ, ಕತ್ತಿಯನ್ನು ಹೇಗೋ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಗಂಟಲ ಹತ್ತಿರ ತಂದ.

"ಅಮ್ಮಾ..." ಎಂದು ನರಳಿದ.

ಮೇಷ್ಟ್ರು ಕಣ್ಣು ತೆರೆದರು. "ಅದು ನಾನು ಹೇಳಬೇಕಾದ ಮಾತಲ್ಲವೇನೋ?"

"ಏನಿಲ್ಲ ಮೇಷ್ಟ್ರೇ, ನೀವು ಅಲ್ಲಾಡಬೇಡಿ."

"ನಾನು ಅಲ್ಲಾಡ್ತಿಲ್ಲ ಮಾರಾಯ, ಕತ್ತಿ ಅಲ್ಲಾಡ್ತಿದೆ!"

ಗಂಟಲು ಹೇಗೋ ಪಾರಾಯಿತು. ಆದರೆ ಮೂಗಿನ ಕೆಳಗೆ ಬಂದಾಗ ಹೆಬ್ಬೆರಳಿಗೆ ಸೂಜಿ ಚುಚ್ಚಿದಂತಾಗಿ ಕತ್ತಿ ಸರ್ರನೆ ಜಾರಿತು. ಕನ್ನಡಿಯಲ್ಲಿ ಎಡಗಡೆ ಹೆಡ್‌ಮಾಸ್ತರರಿದ್ದರು, ಬಲಗಡೆ ಬೇರೆ ಯಾರೋ ಇದ್ದರು. ಉಳಿದ ಅರ್ಧ ಮೀಸೆ ದಾರಿ ತಪ್ಪಿದ ಕಂಬಳಿಹುಳುವಿನಂತೆ ತುಟಿಯ ಮೇಲೆ ಕೂತಿತ್ತು.

ಮೇಷ್ಟ್ರು ಬೈಯಲು ಬಾಯಿ ತೆರೆದವರು, ಬೆಣ್ಣೆಕೈಯ ಕಣ್ಣಲ್ಲಿ ನೀರು ಕಂಡು ಹಾಗೇ ಮುಚ್ಚಿದರು. ಆಮೇಲೆ ಮಾಡಿದ್ದು ಬೈಗುಳಕ್ಕಿಂತ ಕೆಟ್ಟದ್ದು. ಕಪಾಟಿನಲ್ಲಿದ್ದ ನೋವಿನ ಮುಲಾಮು ತೆಗೆದು, ಅವನ ಕೈ ಹಿಡಿದೆಳೆದು, ತಿಕ್ಕತೊಡಗಿದರು.

"ಬೇಡ ಮೇಷ್ಟ್ರೇ! ಗುಣ ಆಗಿಬಿಡುತ್ತೆ!"

"ಆಗ್ಲಿ ಬಿಡೋ! ಅದಕ್ಕೇ ತಾನೇ ಹಚ್ಚೋದು?"

ಬೆಣ್ಣೆಕೈ ಕೊಸರಿಕೊಂಡು ಓಡಿ, ಮುಲಾಮು ತೊಳೆಯಲು ನಲ್ಲಿ ತಿರುಗಿಸಿದ. ಬಂದದ್ದು ಬಿಸಿನೀರು. ಆ ಬಿಸಿಗೆ ಬೆರಳುಗಳು ಒಂದೊಂದಾಗಿ ಸಡಿಲಗೊಂಡವು. ಎಷ್ಟು ಹಿತ! ಮರುಕ್ಷಣವೇ ಕೈ ಕಿತ್ತುಕೊಂಡು ಕೂಗಿದ.

"ಅಯ್ಯೋ, ಕಮ್ಮಿ ಆಗ್ತಿದೆ! ಯಾರಾದ್ರೂ ಬನ್ನಿ, ನೋವು ಕಮ್ಮಿ ಆಗ್ತಿದೆ!"

ಆ ಕೂಗಿಗೆ ಬೀದಿಯೇ ಓಡಿಬಂತು. ಎದುರು ಬದಿಯ ಇಸ್ತ್ರಿಯವನು ಕೇಳಿಸಿಕೊಂಡದ್ದು "ನೋವು" ಎಂಬುದಷ್ಟೇ. ಬಿಸಿಬಿಸಿ ಬಟ್ಟೆಯ ಗಂಟು ಹಿಡಿದು ಬಂದು, "ಹಿಡ್ಕೊಳ್ರೀ ಅವನನ್ನ, ಶಾಖ ಕೊಟ್ರೆ ಸರಿಹೋಗ್ತಾನೆ" ಎಂದ. ಔಷಧಿ ಅಂಗಡಿಯವನು ಒಂದು ಭುಜ ಹಿಡಿದ, ಮೇಷ್ಟ್ರು ಇನ್ನೊಂದು. ಬೆಣ್ಣೆಕೈ ಕಾಲು ಝಾಡಿಸುತ್ತ ಅರಚಿದ: "ನಿಮ್ಮ ದಮ್ಮಯ್ಯ, ನನ್ನನ್ನ ನರಳೋಕೆ ಬಿಡ್ರೋ!"

"ಪಾಪ, ನೋವು ತಲೆಗೇರಿದೆ" ಎಂದರು ಜನ.

ಕೊನೆಗೆ ತಪ್ಪಿಸಿಕೊಂಡವನು ಮಧ್ಯಾಹ್ನದವರೆಗೂ ಎರಡೂ ಕೈಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿಕೊಂಡು ಕೂತ. ಹೋದ ನೋವು ಬಡ್ಡಿ ಸಮೇತ ಬಂತು. ಕಾದಿದ್ದ ಇಬ್ಬರು ಗಿರಾಕಿಗಳು ಬಕೆಟ್ಟನ್ನೂ ಮೇಷ್ಟ್ರ ಮೀಸೆಯನ್ನೂ ಒಮ್ಮೆ ನೋಡಿ, ಸದ್ದಿಲ್ಲದೆ ಎದುರಿನ ಸಲೂನಿಗೆ ದಾಟಿಕೊಂಡರು. ಬೆಣ್ಣೆಕೈ ಅವರ ಬೆನ್ನನ್ನೇ ನೋಡುತ್ತಿದ್ದ. ಈ ಇಂಜೆಕ್ಷನ್ನು ಸಿಗದಿದ್ದರೆ ಬರುವ ವರ್ಷ ಈ ಬಾಗಿಲನ್ನು ಎತ್ತುವ ಕೆಲಸವೇ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ರಕ್ತ ಕೊಡಲು ಹೊರಟಾಗ ಮೇಷ್ಟ್ರು ಅರ್ಧ ಮೀಸೆಯನ್ನು ಕರವಸ್ತ್ರದಿಂದ ಮುಚ್ಚಿಕೊಂಡು ಆಸ್ಪತ್ರೆಗೂ ಬೆನ್ನು ಹತ್ತಿದರು. "ನಿನ್ನ ಪಕ್ಕ ಒಬ್ರು ತಿಳಿದೋರು ಇರಬೇಕು" ಎಂದರು.

ರಕ್ತ ಕೊಟ್ಟಾದ ಮೇಲೆ ಇಬ್ಬರೂ ಕಾಯುವ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಒಬ್ಬ ದಪ್ಪ ಮನುಷ್ಯ ಊದಿದ ಮಂಡಿಗಳನ್ನು ಚಾಚಿಕೊಂಡಿದ್ದ. ಬಹಳ ಹೊತ್ತಿನ ಮೇಲೆ ಸಂಶೋಧನೆಯ ಡಾಕ್ಟರಮ್ಮ ಬಾಗಿಲು ತೆರೆದು ನಕ್ಕರು.

"ಇಪ್ಪತ್ತಾರು ಬಂದಿದೆ! ತುಂಬಾ ಕೆಟ್ಟದಾಗಿದೆ. ಒಳ್ಳೇದಾಯ್ತು, ಒಳಗೆ ಬನ್ನಿ."

ಬೆಣ್ಣೆಕೈಗೆ ಕುಣಿಯುವುದೊಂದು ಬಾಕಿ. ಮೇಷ್ಟ್ರು ಕರವಸ್ತ್ರದ ಹಿಂದಿನಿಂದಲೇ, "ಜೀವಮಾನವೆಲ್ಲ ಪಾಠ ಮಾಡಿದೀನಿ, ಕೆಟ್ಟ ಫಲಿತಾಂಶಕ್ಕೆ ಇಷ್ಟು ಹಿಗ್ಗಿದೋನನ್ನ ನೋಡಿರಲಿಲ್ಲ" ಎಂದರು.

ನರ್ಸಮ್ಮ ಒಂದು ರಬ್ಬರಿನ ತುಂಡನ್ನೂ ದಪ್ಪ ಪೆನ್ನಿನಂಥ ವಸ್ತುವನ್ನೂ ಮೇಜಿನ ಮೇಲಿಟ್ಟಳು. "ಇದೇ ಇಂಜೆಕ್ಷನ್ನು. ವಾರಕ್ಕೊಮ್ಮೆ ಮನೇಲಿ ನೀವೇ ಹಾಕ್ಕೋಬೇಕು. ಈಗ ರಬ್ಬರಿಗೆ ಹಾಕಿ ತೋರಿಸಿ. ಮೇಲಿನ ಗುಂಡೀನ ಹೆಬ್ಬೆರಳಿಂದ ಒತ್ತಿ, ಹತ್ತು ಎಣಿಸೋವರೆಗೆ ಹಿಡೀರಿ, ಅಷ್ಟೇ."

ಬೆಣ್ಣೆಕೈ ಒತ್ತಿದ. ಗುಂಡಿ ಕದಲಲಿಲ್ಲ. ಉಸಿರು ಕಟ್ಟಿ ಒತ್ತಿದ. ಹಣೆ ಬೆವರಿತು, ಹೆಬ್ಬೆರಳು ಮಾತ್ರ ಬೇರೆ ಯಾರದೋ ಬೆರಳಿನಂತೆ ಸುಮ್ಮನೆ ಗುಂಡಿಯ ಮೇಲೆ ಒರಗಿತ್ತು. ಎಡಗೈಯಲ್ಲೂ ಒತ್ತಿ ನೋಡಿದ. ಕೊನೆಗೆ ಬಗ್ಗಿ ಗದ್ದದಿಂದ ಒತ್ತಲು ಹೋದ.

"ಗದ್ದದಲ್ಲಿ ಒತ್ತೋ ಹಾಗಿಲ್ಲ" ಎಂದಳು ನರ್ಸಮ್ಮ.

"ನಾನು ಹೋಗಿ ಒತ್ತಿ ಕೊಡ್ತೀನಮ್ಮ ವಾರ ವಾರ" ಎಂದರು ಮೇಷ್ಟ್ರು.

ಡಾಕ್ಟರಮ್ಮ ಅಡ್ಡಡ್ಡ ತಲೆಯಾಡಿಸಿದರು. "ರೋಗಿ ಯಾರ ನೆರವೂ ಇಲ್ಲದೆ ಹಾಕ್ಕೋಬಹುದಾ ಅಂತ ನೋಡೋದೂ ಈ ಸಂಶೋಧನೆಯ ಭಾಗ. ಬೇರೆಯವರ ಕೈ ಸೇರಿದ್ರೆ ಲೆಕ್ಕ ಕೆಟ್ಟುಹೋಗುತ್ತೆ."

"ಅಮ್ಮಾ, ಗುಳಿಗೆ ನುಂಗಿದ್ರೆ ಬೆರಳು ಆಡುತ್ತೆ. ಒಂದು ಗಂಟೆ ಟೈಮ್ ಕೊಡಿ..."

"ಸಂಶೋಧನೆಗೆ ಸೇರಿದ ಮೇಲೆ ಆ ಗುಳಿಗೆ ಮುಟ್ಟೋ ಹಾಗೇ ಇಲ್ವಲ್ಲಪ್ಪ. ಗುಳಿಗೆ ಇಲ್ಲದೆ ಒತ್ತಬೇಕು." ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಈ ಔಷಧಿ ಬೇಕಾಗಿರೋದು ನಿಮ್ಮಂಥ ಕೈಗಳಿಗೇ. ಏನು ಮಾಡೋದು, ನಿಯಮ."

ಅದೇ ಜಾಗಕ್ಕೆ ಕಾದು ಕೂತಿದ್ದ ದಪ್ಪ ಮನುಷ್ಯನನ್ನು ಕರೆದರು. ಅವನು ಮಂಡಿ ಹಿಡಿದುಕೊಂಡು ಕುಂಟುತ್ತ ಬಂದ. ಅವನ ರೋಗವೆಲ್ಲ ಕಾಲಲ್ಲಿತ್ತು, ಕೈಗಳು ಕಲ್ಲುಗುಂಡಿನಂತಿದ್ದವು. ಒಂದೇ ಸಲಕ್ಕೆ 'ಟಕ್' ಎಂದು ಒತ್ತಿ, "ಇಷ್ಟೇನಾ?" ಎಂದ. ಉಳಿದಿದ್ದ ಒಂದು ಜಾಗ ಅವನದಾಯಿತು.

ಬೆಣ್ಣೆಕೈ ಹೊರಗೆ ಬಂದು, ನೀರನ್ನೂ ಕೇಳದೆ ಜೇಬಿನ ಗುಳಿಗೆ ಬಾಯಿಗೆ ಹಾಕಿಕೊಂಡ. ಬಸ್ಸಿನಲ್ಲಿ ಮೇಷ್ಟ್ರು ಅವನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. ಸಂಜೆಯ ದಟ್ಟಣೆಯಲ್ಲಿ ಬಸ್ಸು ತೆವಳುತ್ತಿತ್ತು. ಗುಳಿಗೆ ಮಾತ್ರ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿತು. ಇಳಿಯುವ ಜಾಗ ಹತ್ತಿರವಾಗುವಷ್ಟರಲ್ಲಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಬೆಣ್ಣೆಕೈ ಎದ್ದು ಕಂಬದ ಮೇಲಿನ ಗಂಟೆಯ ಗುಂಡಿಗೆ ಹೆಬ್ಬೆರಳಿಟ್ಟ. ಒತ್ತಿದ. 'ಟಿಂಗ್' ಎಂದಿತು. ಮತ್ತೆ ಒತ್ತಿದ. ಆಮೇಲೆ ಒತ್ತಿ ಹಿಡಿದು, ತುಟಿಯಲ್ಲೇ ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ಹತ್ತು ದಾಟಿದರೂ ಬೆರಳು ಎತ್ತಲಿಲ್ಲ. ಗಂಟೆ ಬಸ್ಸಿನ ತುಂಬ ಹೊಡೆದುಕೊಳ್ಳುತ್ತಲೇ ಇತ್ತು.

ಡ್ರೈವರು ತಿರುಗಿ ಗದರಿದ: "ಯಾರ್ರೀ ಅದು? ಕೈ ಗಟ್ಟಿಯಾಗಿದೆ ಅಂತ ಹೀಗಾ ಒತ್ತೋದು?"