ಮಾಮಾನ ‘ಸಾ’ ಮತ್ತು ಮೇನ್ ಸ್ವಿಚ್ಚು

ನಮ್ಮ ಸೋದರಮಾವನಿಗೆ ಕೊಳಲು ಊದಲು ಬರುವುದಿಲ್ಲ ಎಂಬುದಕ್ಕೆ ಆಳಂದದಲ್ಲಿ ಅವನ ಓಣಿಯ ಮಂದಿಯೆಲ್ಲ ಸಾಕ್ಷಿ. ಬರುತ್ತದೆ ಎಂಬುದಕ್ಕೆ ಇರುವ ಸಾಕ್ಷಿ ಒಬ್ಬನೇ, ಸ್ವತಃ ಮಾಮಾ! ನೀವೇ ಹೇಳಿ, ಯಾವ ಕೋರ್ಟಿನಲ್ಲಿ ಈ ಕೇಸು ನಿಂತೀತು?

ಮಾಮಾ ನೌಕರಿ ಇರುವ ತನಕ ಲೈನ್‌ಮನ್. ಕಂಬ ಹತ್ತಿ ಹತ್ತಿ ಊರಿಗೆಲ್ಲ ಬೆಳಕು ಕೊಟ್ಟವನು, ತನ್ನ ಮನೆಯಲ್ಲಿ ಮಾತ್ರ ಹೊತ್ತು ಮುಳುಗುವಾಗ ಒಂದು ಬಲ್ಬು ಹಚ್ಚಲು ಬಿಡುವುದಿಲ್ಲ. ಕಾರಣ ಕೊಳಲು. ಕೊಳಲಿಗೂ ಬಲ್ಬಿಗೂ ಏನು ಸಂಬಂಧ ಎಂದು ನೀವು ಅವನನ್ನು ಕೇಳಲು ಹೋಗಬೇಡಿ. ನಾನು ಕೇಳಿ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಅವನು ಊದುವುದು ಮಾರವಾ ಎಂಬ ಒಂದೇ ರಾಗ, ಮುಳುಗುವ ಹೊತ್ತಿನ ರಾಗ. ಅವನ ಪ್ರಕಾರ ಸರಿಗಮದ ‘ಸಾ’ ಎಂದರೆ ಮನೆ. ಉಳಿದ ರಾಗಗಳು ಹೊರಗೆ ಹೋಗಿ ಹೋಗಿ ಮನೆಗೆ ಬರುತ್ತವೆ. ಮಾರವಾ ಬರುವುದಿಲ್ಲ. ಮನೆಯ ಸುತ್ತ ತಿರುಗುತ್ತದೆ, ಹೊಸ್ತಿಲ ತನಕ ಬರುತ್ತದೆ, ಚಪ್ಪಲಿಯನ್ನೂ ಬಿಡುತ್ತದೆ, ಏನೋ ಮರೆತಂತೆ ಮತ್ತೆ ಮೆಟ್ಟಿಕೊಂಡು ಹೊರಟುಬಿಡುತ್ತದೆ. ಕತ್ತಲು ಪೂರ್ತಿ ಇಳಿದ ಮೇಲೆ ಕಟ್ಟಕಡೆಗೆ ಒಳಗೆ ಬಂದು ಕೂಡುತ್ತದೆ. ದೀಪ ಹಚ್ಚುವುದು ಆಗ. ಅದಕ್ಕೂ ಮುಂಚೆ ಯಾರಾದರೂ ಹಚ್ಚಿದರೆ ಮಾಮಾ ಕೊಳಲು ಕೆಳಗಿಡುತ್ತಾನೆ. ಅವತ್ತಿನ ರಾಗ ಓಣಿಯಲ್ಲೇ ಉಳಿಯಿತು! ಹಚ್ಚದೆ ಇರುತ್ತಾರೆಯೇ? ಹಾಲಿನವನು ಬರುತ್ತಾನೆ, ಮಾಮಿಗೆ ಒಲೆಯ ಮೇಲಿನ ಬೇಳೆ ಕಾಣುವುದಿಲ್ಲ. ಹೀಗಾಗಿ ಆ ‘ಸಾ’ವನ್ನು ಇದುವರೆಗೆ ಯಾರೂ ಕೇಳಿಲ್ಲ.

“ಅಲ್ರೀ, ದೀಪ ಹಚ್ಚೋ ಹೊತ್ತಿನ್ಯಾಗ ಊದಬ್ಯಾಡ್ರಿ, ಮನಿಗಿ ಹಾವು ಬರ್ತಾವ,” ಎಂದು ಮಾಮಿ.

“ಬರ್ಲಿ ಬಿಡು. ಅದಾದ್ರೂ ಪೂರಾ ಕೇಳಿ ಹೋಗ್ಲಿ.”

“ಹಾವಿಗಿ ಕಿವಿ ಇಲ್ಲಂತ್ರಿ.”

“ನಿನಗ ಅದಾವಲ್ಲ, ಏನ್ ಉಪಯೋಗ?”

ಎದುರು ಮನೆಯ ಕಿರಾಣಿ ಅಂಗಡಿಯವನಂತೂ ಒಂದು ಸಂಜೆ ಸಹನೆ ಮೀರಿ ಕೂಗಿದನಂತೆ: “ಕಾಕಾ, ಟೆಸ್ಟಿಂಗ್ ಸಾಕ್ರಿ, ಇನ್ನ ಹಾಡು ಶುರು ಮಾಡ್ರಿ!”

“ಇದೇ ಹಾಡು ಲೇ!”

“ಹಂಗಿದ್ರ ಟೆಸ್ಟಿಂಗೇ ಛಲೋ ಇತ್ತು ಬಿಡ್ರಿ.”

ನನ್ನ ಮದುವೆಯೂ ಈ ಕತ್ತಲಲ್ಲೇ ಕುದುರಿದ್ದು. ನಮ್ಮೂರು ಹಿರೋಳ್ಳಿ. ಅಫಜಲಪುರದ ಬೀಗರಿಗೆ ಅಷ್ಟು ದೂರ ತ್ರಾಸು ಎಂದು ಹುಡುಗಿ ನೋಡುವ ಕಾರ್ಯಕ್ರಮವನ್ನು ಆಳಂದದ ಮಾಮಾನ ಮನೆಯಲ್ಲಿ ಇಟ್ಟರು. ಅವರ ಬಸ್ಸು ತಡವಾಗಿ, ಸರಿಯಾಗಿ ಮಾರವಾದ ಹೊತ್ತಿಗೆ ಬಂದರು. ಕತ್ತಲಲ್ಲಿ ಕೂತರು, ಕತ್ತಲಲ್ಲಿ ಮಂಡಕ್ಕಿಯ ಸುಸಲಾ ತಿಂದರು, ಕತ್ತಲಲ್ಲೇ ನಾನು ಚಹಾ ಕೊಟ್ಟೆ. ಯಾರೋ ಹಿರಿಯರ ಕೈ ಎಂದುಕೊಂಡು ವರನ ಮೊಣಕಾಲಿಗೆ ಕಪ್ಪು ತಾಗಿಸಿದೆ. ಸುಸಲಾ ಅಲ್ಲ, ಉಪ್ಪಿಟ್ಟು ಎನ್ನುತ್ತಾರೆ ನನ್ನ ಗಂಡ. ಕೊನೆಗೆ ಕಡ್ಡಿ ಗೀರಿದ್ದು ತಾನು ಎನ್ನುತ್ತಾರೆ ಅತ್ತೆ. ಈ ಕಥೆಯನ್ನು ನಾವು ಎಷ್ಟು ಮದುವೆಗಳಲ್ಲಿ ಹೇಳಿದ್ದೇವೆಂದರೆ, ಈಗ ಅದರಲ್ಲಿ ನಡೆದದ್ದು ಎಷ್ಟು, ನಗಿಸಲು ಸೇರಿಸಿದ್ದು ಎಷ್ಟು ಎಂದು ನನಗೇ ತಿಳಿಯದು. ನೀವು ಅರ್ಧ ನಂಬಿದರೆ ಸಾಕು.

ಮುಂದಿನದನ್ನು ಮಾತ್ರ ಪೂರ್ತಿ ನಂಬಬೇಕು. ಇದನ್ನು ನಾನು ಯಾವ ಮದುವೆಯಲ್ಲೂ ಹೇಳಿಲ್ಲ.

ಹೋದ ತಿಂಗಳು ಜೇವರ್ಗಿಯಲ್ಲಿ ನಮ್ಮ ಹೊಸ ಮನೆಯ ಪ್ರವೇಶವಿತ್ತು. ಸಂಜೆ ಗಂಡನ ಆಫೀಸಿನವರು, ಅತ್ತೆಯ ಕಡೆಯವರು, ಹಾಲ್ ತುಂಬ ಮಂದಿ. ಅಷ್ಟರಲ್ಲಿ ಮಾಮಾ ಬಂದ. ಒಬ್ಬನೇ. ಕೊಳಲನ್ನು ಹಳೆಯ ಛತ್ರಿಯ ಚೀಲದಲ್ಲಿ ಹಾಕಿ ಹೆಗಲಿಗೆ ಇಳಿಬಿಟ್ಟಿದ್ದ. ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಬಾಯಿ ತೆರೆದು ತೋರಿಸಿದ. ಮುಂದಿನ ಎರಡು ಹಲ್ಲು ತೊಟ್ಟಿಲಂತೆ ತೂಗುತ್ತಿದ್ದವು.

“ನಾಡಿದ್ದು ಇವನ್ನ ತಗೀತಾರ ಬೇ. ಹಲ್ಲು ಹ್ವಾದ್ರ ತುಟಿ ಒಳಗ ಬೀಳ್ತದ, ಊದಾಕ ಬರಂಗಿಲ್ಲ. ಇವತ್ತೊಂದು ಸಂಜಿ ‘ಸಾ’ ತನಕ ಕೂಡ್ತಿಯೇನು?”

“ಕೂಡ್ತೇನಿ ಮಾಮಾ. ನೀ ಮಾಳಗಿ ಮ್ಯಾಲ ನಡಿ, ಬರ್ತೇನಿ.”

ಮಾಳಿಗೆಗೆ ಕಳಿಸಿದ್ದು ಗಾಳಿಗಾಗಿ ಅಲ್ಲ. ಆ ಛತ್ರಿಯ ಚೀಲ ಹಾಲ್‌ನಲ್ಲಿ ಯಾರ ಕಣ್ಣಿಗೂ ಬೀಳಬಾರದು ಎಂದು.

ನಾನು ಹೋಗಲಿಲ್ಲ. ಚಹಾ ಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ಮನೆಯ ದೀಪಗಳೆಲ್ಲ ಹೋದವು. ಲೈನ್‌ಮನ್‌ಗೆ ಮೇನ್ ಸ್ವಿಚ್ಚು ಎಲ್ಲಿದೆ ಎಂದು ಹೇಳಿಕೊಡಬೇಕೇ? ಮೇಲಿನಿಂದ ಕೊಳಲು ಶುರುವಾಯಿತು. ಮಂದಿ ಮಾತು ನಿಲ್ಲಿಸಿದರು. ಒಂದೇ ಸ್ವರ, ಅದರ ಪಕ್ಕದ ಇನ್ನೊಂದು, ಮತ್ತೆ ಹೊಸ್ತಿಲು, ಮತ್ತೆ ಹೊರಗೆ. ಕಿಟಕಿಯಾಚೆ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

“ಯಾರ್ರೀ ಅದು, ಇಷ್ಟು ಛಲೋ ಊದಾಕತ್ತಾರ?” ಎಂದು ಯಾರೋ ಕೇಳಿದರು.

ನೋಡಿ, ಛಲೋ ಎಂದೇ ಕೇಳಿದ್ದು! ಆದರೆ ನನ್ನ ಬಾಯಿಂದ ಬಂದದ್ದು, “ಬಾಜೂ ಮನಿಯವ್ರು ಇರ್ಬೇಕ್ರಿ.”

ಅತ್ತೆ ಕತ್ತಲಿನಲ್ಲೇ ಅಂದರು: “ಬಾಜೂ ಮನಿ ಲೈಟ್ ಉರಿಯಾಕತ್ತಾವಲ್ಲ ಬೇ. ಕರೆಂಟ್ ಹೋಗಿದ್ದು ನಮ್ಮನಿದಷ್ಟೇ.”

ಎಲ್ಲರೂ ನಕ್ಕರು. ಅತ್ತೆಯೇ ನನ್ನನ್ನು ಸ್ವಿಚ್ಚಿಗೆ ಕಳಿಸಿದರು ಎಂದು ಇಲ್ಲಿ ಬರೆಯಬಹುದಿತ್ತು. ಒಮ್ಮೆ ಹಾಗೆ ಬರೆದೂ ನೋಡಿದೆ, ಚೆನ್ನಾಗಿಯೇ ಕೂತಿತ್ತು. ಆದರೆ ಯಾರೂ ಕಳಿಸಲಿಲ್ಲ. ನಾನೇ ಹೋಗಿ ಮೇನ್ ಸ್ವಿಚ್ಚು ಎತ್ತಿದೆ. ಮನೆ ಝಗ್ಗೆಂದಿತು. ಮೇಲೆ ಸ್ವರ ನಡುವೆಯೇ ಕಡಿದುಹೋಯಿತು.

ಮಾಮಾ ಇಳಿದು ಬಂದ. ಕೊಳಲು ಒರೆಸಿ ಚೀಲಕ್ಕೆ ಹಾಕಿದ. ತುಟಿಯ ಮೇಲೆ ಕೈಯಿಟ್ಟು ನಕ್ಕು, “ಮನಿ ಛಲೋ ಕಟ್ಟೀರಿ, ವೈರಿಂಗ್ ಮಸ್ತ್ ಅದ,” ಎಂದ. ಕಲಬುರಗಿ ಬಸ್ಸಿಗೆ ಹೊತ್ತಾಯಿತು ಎಂದು ಊಟಕ್ಕೂ ನಿಲ್ಲಲಿಲ್ಲ.

ಹೋದ ವಾರ ಆಳಂದಕ್ಕೆ ಹೋದೆ. ಕಡಗಂಚಿ ದಾಟುವಾಗಲೇ ಹೊತ್ತು ಇಳಿದಿತ್ತು. ಮಾಮಾನ ಮನೆ ದೂರದಿಂದಲೇ ಕಂಡಿತು. ಪಡಸಾಲೆ, ಅಡುಗೆಮನೆ, ಅಂಗಳ, ಎಲ್ಲ ಕಡೆ ಬಲ್ಬು! ಅವನು ಟ್ಯೂಬ್‌ಲೈಟಿನ ಕೆಳಗೆ ಪೇಪರು ಓದುತ್ತ ಕೂತಿದ್ದ. ಮೇಲ್ದುಟಿ ಒಳಗೆ ಬಿದ್ದಿತ್ತು.

“ಈಗ ಇವ್ರೇ ಹಚ್ತಾರ ನೋಡು,” ಎಂದಳು ಮಾಮಿ. ನನ್ನ ಮುಖ ನೋಡಲಿಲ್ಲ.

ನಾನು ಎದ್ದು ಟ್ಯೂಬ್‌ಲೈಟು ಆರಿಸಿದೆ. ಅಂಗಳದ್ದು ಆರಿಸಿದೆ. ಅಡುಗೆಮನೆಯದನ್ನು ಮಾಮಿಯೇ ಆರಿಸಿದಳು. ಮಾಳಿಗೆಯ ಮೆಟ್ಟಿಲ ಬಳಿ ಇದ್ದ ಛತ್ರಿಯ ಚೀಲ ತಂದು ಮಾಮಾನ ಮುಂದಿಟ್ಟೆ. ಅವನು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ತೆಗೆದ. ಊದಿದ.

ಬಂದದ್ದು ಬರೀ ಗಾಳಿ. ಸ್ವರವಿಲ್ಲ. ಆದರೂ ನಿಲ್ಲಿಸಲಿಲ್ಲ. ಉಸಿರು ಹೋಗಿ ಬರುತ್ತಿತ್ತು, ಬೆರಳುಗಳು ಬಿದಿರಿನ ಮೇಲೆ ಮೆಲ್ಲಗೆ ಎದ್ದು ಕೂಡುತ್ತಿದ್ದವು. ಎದುರಿನ ಕಿರಾಣಿ ಅಂಗಡಿಯ ದೀಪವಷ್ಟೇ ಓಣಿಯಲ್ಲಿ ಉಳಿದು, ಆಮೇಲೆ ಅದೂ ಆರಿ, ಗೋಡೆ ಯಾವುದು ಬಾಗಿಲು ಯಾವುದು ತಿಳಿಯದಾಯಿತು. ರಾಗ ಎಲ್ಲಿಗೆ ಬಂದಿದೆಯೋ ನನಗೆ ಗೊತ್ತಾಗಲಿಲ್ಲ. ಒಂದು ಉಸಿರು ಬಂತು, ಉದ್ದನೆಯದು, ಎಲ್ಲಿಗೂ ಹೋಗದೆ ನಿಂತಿತು.

ಅಡುಗೆಮನೆಯ ಕತ್ತಲಿನಿಂದ ಮಾಮಿ ಕೇಳಿದಳು: “‘ಸಾ’ ಬಂತಲ್ರಿ. ಹಚ್ಚಲೇನು?”

ಮಾಮಾ ಉತ್ತರಿಸುವ ಮುಂಚೆ ನಾನೇ ಅಂದೆ, “ಬ್ಯಾಡ ಮಾಮಿ. ಇನ್ನೊಂದೀಟು ತಡಿ.”

ಹಚ್ಚಿದ್ದರೆ ನನ್ನ ಮುಖ ಕಾಣುತ್ತಿತ್ತು.